ಒಂದನೆಯದೋ, ಎರಡನೆಯದೋ?

(ಬೆಂಗಳೂರಿನ ಜಯನಗರದ ಒಂದು ಓದುಗರ ಬಳಗದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತು ಅಡ್ಡದಾರಿ ಹಿಡಿದದ್ದನ್ನು ಕೆಲವೆಡೆ ಕತ್ತರಿಸಿದ್ದೇನೆ, ಕೆಲವೆಡೆ ಹಾಗೆಯೇ ಬಿಟ್ಟಿದ್ದೇನೆ.)

ನಮಸ್ಕಾರ. ಮೊದಲು ಒಂದು ತಿದ್ದುಪಡಿ. ಹೊರಗೆ ಬಾಗಿಲಿಗೆ ಅಂಟಿಸಿರುವ ಕಾಗದದಲ್ಲಿ ನನ್ನ ಹೆಸರಿನ ಹಿಂದೆ ‘ಡಾ.’ ಎಂದು ಸೇರಿಸಿದ್ದಾರೆ. ಪ್ರೀತಿಯಿಂದ ಸೇರಿಸಿರಬಹುದು, ಆದರೆ ನಾನು ವೈದ್ಯೆಯಲ್ಲ, ಕಣ್ಣಿನ ಕ್ಲಿನಿಕ್ಕಿನ ಟೆಕ್ನಿಷಿಯನ್. ನೀವು ಟೋಕನ್ ಹಿಡಿದು ಒಳಗೆ ಬಂದಾಗ ಡಾಕ್ಟರಿಗಿಂತ ಮೊದಲು ನಿಮ್ಮನ್ನು ಅರೆಗತ್ತಲೆಯ ಕೋಣೆಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ‘ಓದಿ’ ಎನ್ನುವವಳು ಒಬ್ಬಳು ಇರುತ್ತಾಳಲ್ಲ, ಅವಳೇ ನಾನು. ಇಪ್ಪತ್ತೊಂದು ವರ್ಷಗಳಿಂದ ಇದೇ ಕೆಲಸ. ರೋಗಿಗಳು ನನ್ನನ್ನು ‘ಸಿಸ್ಟರ್’ ಎಂದು ಕರೆಯುತ್ತಾರೆ. ಪಕ್ಕದ ಕೋಣೆಯಲ್ಲಿ ನನ್ನಷ್ಟೇ ಓದಿರುವ, ನನಗಿಂತ ಹತ್ತು ವರ್ಷ ಚಿಕ್ಕವನಾದ ಹುಡುಗನನ್ನು ‘ಡಾಕ್ಟರೇ’ ಎನ್ನುತ್ತಾರೆ. ಅದರ ಬಗ್ಗೆ ಇನ್ನೊಂದು ಭಾನುವಾರ ಮಾತನಾಡೋಣ.

ನಮಗೆ ಹೆಸರುಗಳಿಗೇನೂ ಬರವಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಅಥವಾ ನೇತ್ರ ಸಹಾಯಕ, ಖಾಸಗಿಯಲ್ಲಿ ಟೆಕ್ನಿಷಿಯನ್, ಪದವಿ ಓದಿದ್ದರೆ ಆಪ್ಟೊಮೆಟ್ರಿಸ್ಟ್. ಆರೋಗ್ಯ ಸೇವೆಯ ಇಂಥ ವೃತ್ತಿಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ಕಾಯ್ದೆಯಲ್ಲಿ ನಮ್ಮ ಹೆಸರೂ ಬಂದಿದೆ. ಅಲ್ಲಿಯವರೆಗೆ ನಾವು ಯಾವ ಪಟ್ಟಿಯಲ್ಲಿದ್ದೆವು ಎಂದು ನಮಗೇ ಸರಿಯಾಗಿ ಗೊತ್ತಿರಲಿಲ್ಲ.

ಯಂತ್ರಗಳ ಬಗ್ಗೆ ಹೇಳಿ ಎಂದು ಬಳಗದವರು ಕೇಳಿಕೊಂಡಿದ್ದರು. ಹೇಳುತ್ತೇನೆ. ಆದರೆ ನನ್ನ ಕೆಲಸದ ಮುಕ್ಕಾಲು ಪಾಲು ಕೇಳುವುದರಲ್ಲೇ ಕಳೆಯುತ್ತದೆ. ನಾನು ಚೀಟಿಯಲ್ಲಿ 6/12 ಎಂದು ಬರೆದರೆ ವೈದ್ಯರು ಅದನ್ನು ನಂಬಿಯೇ ಮುಂದಿನ ಹೆಜ್ಜೆ ಇಡುತ್ತಾರೆ. ಅಂಕಿ ಎಂದ ಮೇಲೆ ಅದು ಯಂತ್ರದಿಂದ ಬಂದಿರಬೇಕು ಎಂದುಕೊಳ್ಳುತ್ತೇವೆ. ಇದು ಬರುವುದು ರೋಗಿಯ ಬಾಯಿಯಿಂದ. ಹೆದರಿದ, ನಾಚಿದ, ಅವಸರದಲ್ಲಿರುವ, ಕೆಲವೊಮ್ಮೆ ಸುಳ್ಳು ಹೇಳಬೇಕೆಂದೇ ಬಂದಿರುವ ಬಾಯಿಯಿಂದ.

ಆ ಭಿನ್ನರಾಶಿಯ ಅರ್ಥ ಸರಳ. ಮೇಲಿನ ಆರು ಎಂದರೆ ನೀವು ಪಟದಿಂದ ಆರು ಮೀಟರ್ ದೂರ ಕುಳಿತಿದ್ದೀರಿ. ಕೆಳಗಿನ ಹನ್ನೆರಡು ಎಂದರೆ, ನೆಟ್ಟಗಿರುವ ಕಣ್ಣು ಹನ್ನೆರಡು ಮೀಟರಿನಿಂದ ಓದುವ ಅಕ್ಷರಕ್ಕೆ ನೀವು ಆರು ಮೀಟರಿಗೆ ಬರಬೇಕಾಯಿತು. ಈ ಪಟವನ್ನು 1862ರಲ್ಲಿ ರೂಪಿಸಿದವರು ಹಾಲೆಂಡಿನ ಹರ್ಮನ್ ಸ್ನೆಲನ್. ಎಲ್ಲಕ್ಕಿಂತ ಮೇಲಿನ 6/60ರ ಅಕ್ಷರ ಸುಮಾರು ಒಂಬತ್ತು ಸೆಂಟಿಮೀಟರ್ ಎತ್ತರ, 6/6ರದ್ದು ಒಂಬತ್ತು ಮಿಲಿಮೀಟರಿಗೂ ತುಸು ಕಡಿಮೆ. ಇಷ್ಟೆಲ್ಲ ಸರಿ, ಆದರೆ ಬೆಂಗಳೂರಿನ ಬಾಡಿಗೆಯಲ್ಲಿ ಆರು ಮೀಟರ್ ಉದ್ದದ ಕೋಣೆ ಯಾರಿಗೆ ಸಿಗುತ್ತದೆ? ಮೂವತ್ತು-ನಲವತ್ತರ ನಿವೇಶನದ ಮನೆಯನ್ನು ಕ್ಲಿನಿಕ್ ಮಾಡಿದ ಕಡೆ ಮಲಗುವ ಕೋಣೆಯೇ ನಮ್ಮ ಪರೀಕ್ಷಾ ಕೋಣೆ. ಅದಕ್ಕೇ ಎದುರು ಗೋಡೆಗೆ ಕನ್ನಡಿ ಹಾಕಿ, ನಿಮ್ಮ ತಲೆಯ ಹಿಂದೆ ತಿರುಗುಮುರುಗಾಗಿ ಅಚ್ಚಾದ ಪಟ ತೂಗುಹಾಕುತ್ತೇವೆ. ಮೂರು ಹೋಗಿ ಮೂರು ಬಂದರೆ ಆರು. ಮಕ್ಕಳು ಮಾತ್ರ ಹಿಂದಕ್ಕೆ ತಿರುಗಿ ನೋಡಿ ಗುಟ್ಟು ರಟ್ಟು ಮಾಡುತ್ತಾರೆ.

ಕನ್ನಡದ ಪಟದ ಬಗ್ಗೆ ಒಂದು ಮಾತು. ನಮ್ಮ ಅಕ್ಷರಗಳು ದುಂಡಗೆ ಮುದ್ದಾಗಿವೆ, ಆದರೆ ಪರೀಕ್ಷೆಗೆ ಅವು ಬಹಳ ತುಂಟ. ‘ರ’ದ ಹೊಟ್ಟೆಯೊಳಗೆ ಒಂದು ಚುಕ್ಕೆ ಇಟ್ಟರೆ ‘ಠ’. ‘ಪ’ದೊಳಗೆ ಒಂದು ಗೀಟು ಎಳೆದರೆ ‘ಷ’. ಯಾರಾದರೂ ‘ಠ’ವನ್ನು ‘ರ’ ಎಂದು ಓದಿದರೆ ನಾನು ಅದನ್ನು ಬರೀ ತಪ್ಪು ಎಂದು ಗೀಚಿ ಮುಂದೆ ಹೋಗುವುದಿಲ್ಲ. ಹೊರಗಿನ ವೃತ್ತ ಕಂಡಿದೆ, ಒಳಗಿನ ಚುಕ್ಕೆ ಕರಗಿದೆ. ಎಷ್ಟು ಚಿಕ್ಕದು ಕಾಣುತ್ತಿಲ್ಲ ಎನ್ನುವುದನ್ನು ಆ ತಪ್ಪೇ ಹೇಳಿಬಿಟ್ಟಿತು. ತಪ್ಪು ಓದುವವರು ನನಗೆ ಇಷ್ಟ. ನನ್ನನ್ನು ಕಾಡುವವರು ಸುಮ್ಮನೆ ಕೂರುವವರು.

ಮಾಗಡಿ ಕಡೆಯ ಒಬ್ಬ ಅಜ್ಜಿಯನ್ನು ಮೊಮ್ಮಗಳು ಕರೆದುಕೊಂಡು ಬಂದಿದ್ದಳು. ಕೈಯಲ್ಲಿ ಬೇರೆ ಕಡೆಯ ಚೀಟಿ, ಎರಡೂ ಕಣ್ಣು 6/36, ಪೊರೆ ಇದೆ, ಆಪರೇಷನ್ ಬೇಕು. ಅಜ್ಜಿ ಕುರ್ಚಿಯಲ್ಲಿ ಕುಳಿತು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. ಪಟ ತೋರಿಸಿ ‘ಓದಿ ಅಜ್ಜಿ’ ಎಂದೆ. ‘ಕಾಣುವುದಿಲ್ಲ ಕಣಮ್ಮ.’ ಮೇಲಿನ ದೊಡ್ಡ ಅಕ್ಷರ? ‘ಅದೇನೋ ಕರ್ರಗೆ ಇದೆ.’ ಕರ್ರಗೆ ಇರುವುದು ಕಾಣುತ್ತಿದೆ ಎಂದರೆ ಕಾಣುತ್ತಿದೆ ಎಂದೇ ಅರ್ಥ. ಮೊಮ್ಮಗಳನ್ನು ಹೊರಗೆ ಬಿಲ್ ಕಟ್ಟಲು ಕಳುಹಿಸಿದೆ. ಅಕ್ಷರ ಬಾರದವರಿಗಾಗಿ ಬೇರೆ ಪಟ ಇದೆ, ಇಂಗ್ಲಿಷಿನ ‘ಇ’ ಅಕ್ಷರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮುಖ ಮಾಡಿ ನಿಂತಿರುತ್ತದೆ. ಅದನ್ನು ಹಾಕಿ, ‘ಅಜ್ಜಿ, ಇದು ಬಾಚಣಿಗೆ. ಹಲ್ಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿ, ಸಾಕು’ ಎಂದೆ. ಅಜ್ಜಿ ಒಂದು ಕ್ಷಣ ನೋಡಿ, ‘ಮೂರೇ ಹಲ್ಲಿನ ಬಾಚಣಿಗೆಯಲ್ಲಿ ಯಾರು ತಲೆ ಬಾಚುತ್ತಾರೆ?’ ಎಂದರು. ಆಮೇಲೆ ಮೂರು ಬೆರಳು ಚಾಚಿ ಆಚೆ, ಈಚೆ, ಮೇಲೆ, ಕೆಳಗೆ ಎಂದು ತೋರಿಸುತ್ತ ಸಲೀಸಾಗಿ 6/12ರ ಸಾಲಿನವರೆಗೆ ಇಳಿದರು.

ಪೊರೆ ಇದ್ದದ್ದು ನಿಜ. ಆದರೆ 6/36ಕ್ಕೂ 6/12ಕ್ಕೂ ನಡುವೆ ಒಂದು ಆಪರೇಷನ್ ಇದೆ. ಆ ವರ್ಷ ಅವರಿಗೆ ಅದು ಬೇಕಾಗಲಿಲ್ಲ. ಹಿಂದೆ ಪರೀಕ್ಷೆ ಮಾಡಿದವರು ಸೋಮಾರಿಗಳು ಎಂದು ನಾನು ಹೇಳಲಾರೆ, ಹೊರಗೆ ಎಪ್ಪತ್ತು ಜನ ಕಾಯುತ್ತಿದ್ದಿರಬಹುದು. ‘ಓದಲು ಬರುತ್ತದೆಯೇ?’ ಎಂದು ಮೊಮ್ಮಗಳ ಮುಂದೆ ಕೇಳಿದ್ದರೂ ಅಜ್ಜಿ ಹೌದೆಂದು ತಲೆಯಾಡಿಸಿಯೇ ಇರುತ್ತಿದ್ದರು.

ಇದಕ್ಕೆ ತದ್ವಿರುದ್ಧ ಚಾಲಕರು. ನಲವತ್ತು ದಾಟಿದವರು ಲೈಸೆನ್ಸ್ ನವೀಕರಿಸಲು ನಮೂನೆ 1-ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. ಒಬ್ಬ ಕ್ಯಾಬ್ ಚಾಲಕರು ಒಳಗೆ ಬಂದವರೇ ಕೊನೆಯ ಸಾಲನ್ನು ಗಡಗಡನೆ ಓದಿದರು, ಮಗ್ಗಿ ಒಪ್ಪಿಸಿದ ಹಾಗೆ. ಯಾವ ಸಾಲು ಎಂದು ನಾನಿನ್ನೂ ಹೇಳಿಯೇ ಇರಲಿಲ್ಲ! ಹೊರಗಿನ ಬೆಂಚಿನಲ್ಲಿ ಕುಳಿತು, ಒಳಗೆ ಓದುತ್ತಿದ್ದವರ ದನಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ನಾನು ಏನೂ ಹೇಳದೆ ಪಟ ಬದಲಿಸಿದೆ. ಅವರು ಹೊಸ ಪಟಕ್ಕೂ ಹಳೆಯ ಸಾಲನ್ನೇ ಒಪ್ಪಿಸಿದರು. ಇಬ್ಬರೂ ನಕ್ಕೆವು, ಆಮೇಲೆ ಅವರ ಕಣ್ಣಲ್ಲಿ ನೀರು. ಕನ್ನಡಕ ಬಂದರೆ ಲೈಸೆನ್ಸ್ ಹೋಗುತ್ತದೆ ಎಂದು ಯಾರೋ ಅವರ ತಲೆಗೆ ತುಂಬಿದ್ದರು. ಕನ್ನಡಕ ಹಾಕಿಕೊಂಡು ಓಡಿಸಲು ಕಾನೂನಿನ ಅಡ್ಡಿಯೇನೂ ಇಲ್ಲ. ಮೈನಸ್ ಒಂದೂಕಾಲಿನ ಗಾಜು ಇಟ್ಟಾಗ ಓದಿದ್ದು ನಿಜವಾದ 6/6. ಅಷ್ಟು ಸಣ್ಣ ಗಾಜಿಗಾಗಿ ಮೂರು ವರ್ಷ ರಾತ್ರಿ ಪಾಳಿಯಲ್ಲಿ ಏರ್‌ಪೋರ್ಟ್ ರಸ್ತೆಯ ಫಲಕಗಳನ್ನು ಊಹೆಯ ಮೇಲೆ ಓದುತ್ತಿದ್ದರಂತೆ.

ಭಾಷೆಯ ವಿಷಯ ಬೇಗ ಮುಗಿಸುತ್ತೇನೆ. ಈ ಊರಿನಲ್ಲಿ ಬಲ ಮತ್ತು ಎಡವನ್ನು ಕನಿಷ್ಠ ನಾಲ್ಕು ಭಾಷೆಗಳಲ್ಲಿ ಕಲಿಯದೆ ಈ ಕುರ್ಚಿಯಲ್ಲಿ ಕೂರಲಾಗದು. ತಮಿಳಿಗೆ ವಲದು, ಇಡದು. ತೆಲುಗಿಗೆ ಕುಡಿ, ಎಡಮ. ಹಿಂದಿ, ಉರ್ದುವಿಗೆ ದಾಯಾಂ, ಬಾಯಾಂ. ಯಾವ ಭಾಷೆಯವರೇ ಬರಲಿ, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಶಾಸ್ತ್ರವೇನಲ್ಲ, ಬರೆಯುವಾಗ ಅದಲುಬದಲಾಗದಿರಲಿ ಎಂದು. ಇನ್ನೊಂದು, ಬೆರಳುಗಳಿಂದ ಕಣ್ಣು ಮುಚ್ಚಿಕೊಳ್ಳಬೇಡಿ. ಸಂದಿನಲ್ಲಿ ಇಣುಕುತ್ತೀರಿ, ಇಲ್ಲವೇ ಗುಡ್ಡೆಯನ್ನು ಒತ್ತಿ ಹಿಡಿಯುತ್ತೀರಿ. ಒತ್ತಿದ ಕಣ್ಣಿಗೆ ಸರದಿ ಬಂದಾಗ ಐದು ನಿಮಿಷ ಎಲ್ಲವೂ ಮಸುಕು.

ಇನ್ನು ‘ಕಣ್ಣಿನ ಬಿಪಿ’. ಕಣ್ಣಿನೊಳಗಿನ ದ್ರವದ ಒತ್ತಡವನ್ನು ಜನ ಹಾಗೆಂದೇ ಕರೆಯುತ್ತಾರೆ. ಸಾಮಾನ್ಯವಾಗಿ 10ರಿಂದ 21ರವರೆಗೆ ಇರುತ್ತದೆ, ಅಳತೆ ಪಾದರಸದ ಮಿಲಿಮೀಟರಿನಲ್ಲಿ. ಫಕ್ಕನೆ ಗಾಳಿ ಊದುವ ಯಂತ್ರವನ್ನು ನೀವೆಲ್ಲ ಕಂಡಿದ್ದೀರಿ. ಅದಕ್ಕೆ ಬೆಚ್ಚಿಬೀಳದವರನ್ನು ನಾನು ಕಂಡಿಲ್ಲ, ನಾನೂ ಬೆಚ್ಚುತ್ತೇನೆ. ಒಬ್ಬ ಗೃಹಿಣಿಗೆ ‘ಪ್ರೆಷರ್ ಸ್ವಲ್ಪ ಜಾಸ್ತಿ ಇದೆಯಮ್ಮ’ ಎಂದಾಗ ಅತ್ತೆಯ ಕಥೆಯಿಂದ ಶುರುಮಾಡಿ ಮಗನ ಪಿಯುಸಿವರೆಗೆ ಹೇಳಿದರು. ತಡೆದು ವಿವರಿಸುವ ಹೊತ್ತಿಗೆ ಕಥೆಯ ನಡುವೆ ಒಂದು ಮಾತು ಬಂತು: ಅವರ ತಂದೆ ಕೊನೆಗಾಲದಲ್ಲಿ ‘ಕೊಳವೆಯಲ್ಲಿ ನೋಡಿದ ಹಾಗೆ’ ನೋಡುತ್ತಿದ್ದರಂತೆ. ಗ್ಲಾಕೋಮಾ ಎಂದರೆ ಹೆಚ್ಚಾಗಿ ಈ ಒತ್ತಡದಿಂದ ಕಣ್ಣಿನ ನರ ಸವೆಯುವ, ವಂಶದಲ್ಲಿ ಹರಿಯುವ ಕಾಯಿಲೆ, ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ಚೀಟಿಯ ಮೂಲೆಯಲ್ಲಿ ‘ತಂದೆಗೆ ಗ್ಲಾಕೋಮಾ ಇದ್ದಿರಬಹುದು’ ಎಂದು ಬರೆದೆ. ವೈದ್ಯರು ಮೊದಲು ಬೆರಳಿಟ್ಟದ್ದು ಅದೇ ಸಾಲಿನ ಮೇಲೆ.

ಹನಿಯ ವಿಷಯಕ್ಕೆ ಬರುತ್ತೇನೆ, ನಮ್ಮ ಮೇಲೆ ಬೈಗುಳ ಹೆಚ್ಚು ಬರುವುದು ಇಲ್ಲೇ. ಕಣ್ಣಿನ ಒಳಗೋಡೆಯ ಅಕ್ಷಿಪಟಲ ನೋಡಬೇಕಾದರೆ ಪಾಪೆ ಹಿಗ್ಗಬೇಕು. ಹನಿ ಉರಿಯುತ್ತದೆ, ಹಿಗ್ಗಲು ಇಪ್ಪತ್ತು ಮೂವತ್ತು ನಿಮಿಷ, ಸಕ್ಕರೆ ಕಾಯಿಲೆಯವರಿಗೆ ಇನ್ನೂ ನಿಧಾನ. ಹಾಕುವ ಮೊದಲು ನಾವು ಕಣ್ಣಿನ ಪಕ್ಕದಿಂದ ಟಾರ್ಚ್ ಬಿಡುವುದನ್ನು ನೀವು ಗಮನಿಸಿರಲಿಕ್ಕಿಲ್ಲ. ಕೆಲವರ ಕಣ್ಣಿನ ಮುಂಭಾಗದ ಕೋಣೆ ಕಿರಿದಾಗಿರುತ್ತದೆ. ಪಕ್ಕದಿಂದ ಬೆಳಕು ಬಿಟ್ಟರೆ ಮೂಗಿನ ಕಡೆ, ಪಾಪೆಯ ಸುತ್ತಲಿನ ಬಣ್ಣದ ಭಾಗದ ಮೇಲೆ ನೆರಳು ಬೀಳುತ್ತದೆ. ಅಂಥವರಿಗೆ ನಾವು ಹಿಂದೆಮುಂದೆ ನೋಡದೆ ಹನಿ ಹಾಕಿದರೆ ದ್ರವ ಹೊರಹೋಗುವ ದಾರಿ ಮುಚ್ಚಿ, ಒತ್ತಡ ಒಮ್ಮೆಲೇ ಏರಿ, ತಲೆ ಸಿಡಿಯುವ ನೋವು ಬರಬಹುದು. ನೆರಳು ಕಂಡರೆ ಬಾಟಲಿ ಕೆಳಗಿಟ್ಟು ವೈದ್ಯರನ್ನು ಕರೆಯುತ್ತೇನೆ.

ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಗಾಡಿ ಓಡಿಸಬೇಡಿ ಎಂದು ಫೋನಿನಲ್ಲೇ ಹೇಳಿರುತ್ತೇವೆ. ಆದರೂ ಹೆಲ್ಮೆಟ್ ಹಿಡಿದುಕೊಂಡೇ ಬರುತ್ತಾರೆ. ‘ಇಲ್ಲೇ ಮೇಡಂ, ಎರಡು ಸಿಗ್ನಲ್ ಅಷ್ಟೇ.’ ಈ ಊರಿನಲ್ಲಿ ಎರಡು ಸಿಗ್ನಲ್ ಎಂದರೆ ಏನು ಎಂದು ಗೊತ್ತಿದ್ದವರೇ ಹೀಗೆನ್ನುತ್ತಾರೆ.

ಈಗ ನನ್ನ ತಪ್ಪಿನ ಕಥೆ. ಹೆಸರು ಬೇಡ, ನಾನು ಮೊದಲು ಸೇರಿದ ಆಸ್ಪತ್ರೆ. ಪೊರೆಯ ಆಪರೇಷನ್ನಿನಲ್ಲಿ ಒಳಗೆ ಕೃತಕ ಮಸೂರ ಕೂರಿಸುತ್ತಾರೆ. ಆ ಯೋಚನೆಯ ಹುಟ್ಟೇ ಚೆಂದ. ಯುದ್ಧದಲ್ಲಿ ವಿಮಾನದ ಮೇಲ್ಛಾವಣಿಯ ಪರ್ಸ್‌ಪೆಕ್ಸ್ ಚೂರುಗಳು ಪೈಲಟ್‌ಗಳ ಕಣ್ಣು ಹೊಕ್ಕರೂ ಕಣ್ಣು ಅವುಗಳ ಮೇಲೆ ರೇಗುವುದಿಲ್ಲ ಎಂದು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಅದೇ ವಸ್ತುವಿನ ಮಸೂರವನ್ನು ರೋಗಿಯೊಬ್ಬರ ಕಣ್ಣಿಗೆ ಇಟ್ಟರು. ಯಾರಿಗೆ ಎಷ್ಟು ಪವರಿನ ಮಸೂರ ಎಂದು ಗೊತ್ತಾಗಲು ಕಣ್ಣಿನ ಉದ್ದ ಅಳೆಯಬೇಕು. ಸುಮಾರು ಇಪ್ಪತ್ತಮೂರೂವರೆ ಮಿಲಿಮೀಟರ್ ಇರುವ ವಸ್ತು. ನಾನು ಕಲಿತ ಕಾಲದ ಸೂತ್ರದಲ್ಲಿ ಉದ್ದವನ್ನು ಎರಡೂವರೆಯಿಂದ ಗುಣಿಸಿ, ಮಸೂರದ ಒಂದು ನಿಗದಿತ ಅಂಕಿಯಿಂದ ಕಳೆಯುತ್ತಿದ್ದರು. ಎಂದರೆ ಅಳತೆಯ ತಪ್ಪೂ ಎರಡೂವರೆ ಪಟ್ಟು ಬೆಳೆಯುತ್ತದೆ.

ಆಗ ಅಳೆಯುತ್ತಿದ್ದದ್ದು ಶಬ್ದದ ಅಲೆಯಿಂದ. ಕಣ್ಣು ಜೋಮು ಹಿಡಿಸುವ ಹನಿ ಹಾಕಿ, ಪೆನ್ಸಿಲಿನಂಥ ಪ್ರೋಬನ್ನು ಪಾರಪಟಲಕ್ಕೆ, ಎಂದರೆ ಕಣ್ಣಿನ ಮುಂದಿನ ತಿಳಿಯಾದ ಪದರಕ್ಕೆ, ಮುಟ್ಟಿಯೂ ಮುಟ್ಟದಂತೆ ತಾಗಿಸಬೇಕು. ನನಗೆ ಆಗ ಇಪ್ಪತ್ತೆರಡು ವರ್ಷ, ಕೈ ನಡುಗಬಾರದೆಂದು ಗಟ್ಟಿಯಾಗಿ ಹಿಡಿದಿದ್ದೆ. ಗಟ್ಟಿ ಹಿಡಿದರೆ ಒತ್ತುತ್ತದೆ, ಒತ್ತಿದರೆ ಕಣ್ಣು ಗಿಡ್ಡವಾಗುತ್ತದೆ. ಬಲಗಣ್ಣು 23.6 ಬಂದಿತ್ತು, ಎಡಗಣ್ಣು 23.1. ಬರೆದು ಕೊಟ್ಟೆ. ನಮ್ಮ ಹಿರಿಯ ಟೆಕ್ನಿಷಿಯನ್ ಚೀಟಿ ನೋಡಿ, ‘ಇವರೇನು ಕೆಲಸ ಮಾಡುತ್ತಾರೆ?’ ಎಂದು ಕೇಳಿದರು. ನಾನು ಕೇಳಿರಲಿಲ್ಲ. ಅವರೇ ಹೋಗಿ ವಿಚಾರಿಸಿ ಬಂದರು. ಅಪಾರ್ಟ್‌ಮೆಂಟಿನ ಕಾವಲುಗಾರ, ಗೇಟಿಗೆ ಬರುವ ಗಾಡಿಗಳ ನಂಬರ್ ಪ್ಲೇಟ್ ಓದಿ ಪುಸ್ತಕದಲ್ಲಿ ಬರೆಯುವುದೇ ಕೆಲಸ. ‘ಎರಡು ಕಣ್ಣಿಗೂ ಪಾಯಿಂಟ್ ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಬೇಕು ಎಂದು ಹೇಳಿಕೊಟ್ಟಿದ್ದೆನಲ್ಲ’ ಎಂದು ನನ್ನ ಮುಂದೆಯೇ ಅಳೆದರು. 23.5. ನನ್ನ ಅಂಕಿಯ ಮೇಲೆ ಮಸೂರ ಕೂರಿಸಿದ್ದರೆ ಆತನಿಗೆ ಸುಮಾರು ಮೈನಸ್ ಒಂದರಷ್ಟು ಬರುತ್ತಿತ್ತು. ಹತ್ತಿರದ್ದು ಚೆನ್ನಾಗಿ ಕಂಡು, ಗೇಟಿನಾಚೆಯ ನಂಬರ್ ಮಸುಕಾಗುತ್ತಿತ್ತು. ಈಗ ಕಣ್ಣು ಮುಟ್ಟದೆ ಬೆಳಕಿನಿಂದ ಅಳೆಯುವ ಯಂತ್ರ ಬಂದಿದೆ. ಆದರೆ ಪೊರೆ ತುಂಬ ಗಟ್ಟಿಯಾದ ಕಣ್ಣಿನಲ್ಲಿ ಬೆಳಕು ಹಾಯುವುದಿಲ್ಲ, ಹಳೆಯ ಪ್ರೋಬನ್ನೇ ತೆಗೆಯಬೇಕು. ತೆಗೆದಾಗಲೆಲ್ಲ ನನಗೆ ಆ ಗೇಟು ನೆನಪಾಗುತ್ತದೆ.

ಇಲ್ಲಿ ಹಿರಿಯರು ಅನೇಕರಿದ್ದೀರಿ, ‘ಕ್ಯಾಂಪ್’ ಎಂದರೆ ನಿಮಗೆ ಬೀಳಗಿಯ ಡಾ. ಎಂ. ಸಿ. ಮೋದಿಯವರೇ ನೆನಪಾಗಬಹುದು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರದು. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಒಳಗೆ ಏನೂ ಇಡುತ್ತಿರಲಿಲ್ಲ, ಮೂಗಿನ ಮೇಲೆ ಸೋಡಾ ಬಾಟಲಿಯ ತಳದಂಥ ಗಾಜು ಬರುತ್ತಿತ್ತು. ಆ ಸಂಖ್ಯೆ ಕೇಳಿದಾಗ ಜನ ವೈದ್ಯರ ಕೈಯನ್ನು ನೆನೆಯುತ್ತಾರೆ. ನಾನು ನನ್ನ ವೃತ್ತಿಯವಳಾದ್ದರಿಂದ, ಆ 833 ಜನರನ್ನು ಸಾಲಿನಲ್ಲಿ ಕೂರಿಸಿ ಹನಿ ಹಾಕಿದವರು ಯಾರು, ಯಾವ ಕಣ್ಣು ಎಂದು ಗುರುತು ಮಾಡಿದವರು ಯಾರು ಎಂದು ಯೋಚಿಸುತ್ತೇನೆ. ಚಾಮರಾಜಪೇಟೆಯ ಹತ್ತಿರದ ಮಿಂಟೋ ಆಸ್ಪತ್ರೆಯ ಮುಂದೆ ಹಾದುಹೋಗುವಾಗಲೂ ಹಾಗೆಯೇ. 1896ರಲ್ಲಿ ಸಣ್ಣದಾಗಿ ಶುರುವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಆಸ್ಪತ್ರೆ ಅದು. ಅಲ್ಲಿ ಪಟದ ಪಕ್ಕ ಕೋಲು ಹಿಡಿದು ನಿಂತಿದ್ದ ಮೊದಲನೆಯವರು ಯಾರಿರಬಹುದು?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. 2006ರಲ್ಲಿ ಅವರ ತಂದೆಯ ಕಣ್ಣುಗಳನ್ನು ದಾನ ಮಾಡಿದಂತೆ ಅವರದನ್ನೂ ಮಾಡಿದರು. ಪಾರಪಟಲವನ್ನು ಮುಂಪದರ, ಹಿಂಪದರ ಎಂದು ಸೀಳಿ ನಾಲ್ವರಿಗೆ ಹಾಕಿದ್ದು ನಿಮಗೆ ಗೊತ್ತಿದೆ. ಆ ನಂತರ ನಮ್ಮ ಮುಂದೆ ಕಣ್ಣುದಾನದ ಅರ್ಜಿ ಕೇಳಿಕೊಂಡು ನಿಂತಷ್ಟು ಹುಡುಗರನ್ನು ನಾನು ಅದಕ್ಕಿಂತ ಮೊದಲು ಎಂದೂ ಕಂಡಿರಲಿಲ್ಲ. ಅರ್ಜಿ ತುಂಬುವುದು ಸುಲಭ. ಕಷ್ಟ ಇರುವುದು ಆ ರಾತ್ರಿ ಮನೆಯವರು ಫೋನ್ ಮಾಡುವುದರಲ್ಲಿ. ತೀರಿಕೊಂಡ ಸುಮಾರು ಆರು ತಾಸಿನೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ಫ್ಯಾನ್ ನಿಲ್ಲಿಸಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆಯನ್ನು ದಿಂಬಿನ ಮೇಲೆ ತುಸು ಎತ್ತಿರಬೇಕು. ತರಬೇತಿ ಪಡೆದ ಟೆಕ್ನಿಷಿಯನ್ ಕೂಡ ಪಾರಪಟಲ ತೆಗೆಯಬಹುದು ಎಂದು 2011ರ ಕಾನೂನು ತಿದ್ದುಪಡಿ ಹೇಳುತ್ತದೆ. ಹಾಗಾಗಿ ಕೆಲವು ವರ್ಷ ನಾನೂ ಪೆಟ್ಟಿಗೆ ಹಿಡಿದು ಹೋಗಿದ್ದೇನೆ.

ಶ್ರೀರಾಮಪುರದ ಒಂದು ವಠಾರ, ಬೆಳಗಿನ ಜಾವ ಮೂರು ಗಂಟೆ. ಮಗ ಸಹಿ ಹಾಕಿದ. ತೀರಿಕೊಂಡವರ ಹೆಂಡತಿ ಮಾತ್ರ ಏನೋ ಕೇಳಬೇಕೆಂದು ಬಾಗಿಲ ಬಳಿಯೇ ನಿಂತಿದ್ದರು. ಮುಖ ವಿಕಾರವಾಗುತ್ತದೆಯೇ ಎಂಬ ಪ್ರಶ್ನೆ ಬರುತ್ತದೆಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವರು ಸೆರಗಿನ ಒಳಗಿಂದ ಗಂಡನ ಕನ್ನಡಕ ತೆಗೆದು, ‘ಇವರಿಗೆ ಪವರ್ ಇತ್ತು ತಾಯಿ. ಅಂಥ ಕಣ್ಣು ನಡೆಯುತ್ತದೆಯೇ?’ ಎಂದರು. ನಡೆಯುತ್ತದೆ ಎಂದೆ. ಕನ್ನಡಕ ಹಾಕಿದವರು, ಪೊರೆ ತೆಗೆಸಿಕೊಂಡವರು ಎಲ್ಲರೂ ಕೊಡಬಹುದು.

ಕೊನೆಗೆ ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನ ಒಬ್ಬ ಹಿರಿಯರು ಎದ್ದು ಕೇಳಿದ್ದನ್ನು ಇಲ್ಲಿ ಬರೆಯಲೇಬೇಕು. ‘ನೀವು ಗಾಜು ತಿರುಗಿಸುತ್ತ ಒಂದನೆಯದು ಚೆನ್ನಾಗಿದೆಯೋ, ಎರಡನೆಯದೋ ಎಂದು ಕೇಳುತ್ತೀರಲ್ಲ. ಕೊನೆಕೊನೆಗೆ ನನಗೆ ಎರಡೂ ಒಂದೇ ಥರ ಕಾಣುತ್ತದೆ. ದಡ್ಡ ಎಂದುಕೊಳ್ಳುತ್ತೀರೆಂದು ಏನೋ ಒಂದು ಹೇಳಿಬಿಡುತ್ತೇನೆ. ನಲವತ್ತು ವರ್ಷದಿಂದ ಹಾಗೆಯೇ ಮಾಡುತ್ತಿದ್ದೇನೆ.’

ಸಭೆಯಲ್ಲಿ ನಕ್ಕವರ ಸಂಖ್ಯೆ ನೋಡಿದರೆ ಅವರೊಬ್ಬರೇ ಅಲ್ಲ. ನಾನು ಹೇಳಿದೆ: ಸಾರ್, ನಾವು ಆ ಗಾಜನ್ನು ತಿರುಗಿಸುವುದೇ ‘ಎರಡೂ ಒಂದೇ’ ಎಂದು ನಿಮ್ಮಿಂದ ಕೇಳುವುದಕ್ಕೆ. ಎರಡೂ ಸಮವಾಗಿ ಕಂಡಾಗ ನಿಮ್ಮ ಸಿಲಿಂಡರ್ ಪವರ್, ಎಂದರೆ ಕಣ್ಣಿನ ಓರೆ ಬಾಗನ್ನು ಸರಿದೂಗಿಸುವ ಪವರ್, ಸರಿಯಾಗಿ ಕೂತಿದೆ ಎಂದರ್ಥ, ಅಲ್ಲಿಗೆ ನಿಲ್ಲಿಸುತ್ತೇವೆ. ನೀವು ಏನೋ ಒಂದು ಹೇಳಿದರೆ ನಾವು ಪಾಪ ಇನ್ನೂ ತಿರುಗಿಸುತ್ತಲೇ ಹೋಗುತ್ತೇವೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಈ ಕನ್ನಡಕ ತಪ್ಪು ಪವರಿನದೇ? ಮಂಜು ಮಂಜಾಗಿ ಕಾಣುತ್ತದೆ’ ಎಂದು ಕಿಸೆಯಿಂದ ತೆಗೆದು ಮುಂದಿನ ಸಾಲಿನವರ ಕೈಯಿಂದ ಕೈಗೆ ದಾಟಿಸಿ ನನಗೆ ತಲುಪಿಸಿದರು. ಬೆಳಕಿಗೆ ಹಿಡಿದು ನೋಡಿದೆ. ಎರಡೂ ಗಾಜಿನ ಮೇಲೆ ದಪ್ಪನೆಯ ಹೆಬ್ಬೆರಳ ಗುರುತುಗಳಿದ್ದವು. ದುಪಟ್ಟಾದ ತುದಿಯಿಂದ ಒರೆಸಿ ಹಿಂದಕ್ಕೆ ಕಳುಹಿಸಿದೆ.